ಮೊದಲನೇ ಏಟು ಮನಿ ಮಗಗ

ನಮ್ಮ ಮನೆಯಲ್ಲಿ ಬೆತ್ತಕ್ಕೂ ಪೂಜೆಯಾಗುತ್ತಿತ್ತು. ಮಹಾನವಮಿಯ ದಿನ ಅವ್ವ ಈಳಿಗೆ, ಕುಡುಗೋಲು, ಅಪ್ಪನ ಸೈಕಲ್ಲು ಎಲ್ಲವನ್ನೂ ತೊಳೆದು ಪಡಸಾಲೆಯಲ್ಲಿ ಸಾಲಾಗಿ ಇಡುವಳು. ಕೊನೆಗೆ ಮೂಲೆಯಲ್ಲಿ ನಿಂತಿದ್ದ ಬೆತ್ತವನ್ನು ತಂದು ಮಲಗಿಸಿ, ಅದಕ್ಕೂ ವಿಭೂತಿ ಎಳೆದು ಒಂದು ಚೆಂಡು ಹೂ ಏರಿಸುವಳು. ರಜೆ ಮುಗಿದು ಶಾಲೆ ತೆರೆದ ದಿನ ಏಟು ತಿಂದವರ ಅಂಗೈಗೆ ವಿಭೂತಿ ಮೆತ್ತಿಕೊಳ್ಳುತ್ತಿತ್ತು. ಪ್ರಸಾದ ಸಿಕ್ಕಿತು ಎಂದು ಹುಡುಗರು ನಗುತ್ತಿದ್ದರು. ಅಪ್ಪ ರಾಯಚೂರು ಶಹರದ ಒಂದು ಸರ್ಕಾರಿ ಹೈಸ್ಕೂಲಿನಲ್ಲಿ ಆಟದ ಮಾಸ್ತರ. ಆ ಶಾಲೆಗೆ ಆಟದ ಬಯಲಿರಲಿಲ್ಲ, ಇದ್ದ ಒಂದು ಚೆಂಡಿನಲ್ಲಿ ಗಾಳಿ ನಿಲ್ಲುತ್ತಿರಲಿಲ್ಲ. ಸುಮ್ಮನೆ ಕೂತ ಮನುಷ್ಯ ಎಂದು ಹೆಡ್ ಮಾಸ್ತರರು ಇಡೀ ಶಾಲೆಯ ಶಿಸ್ತನ್ನು ಅಪ್ಪನ ಕೊರಳಿಗೆ ಕಟ್ಟಿದ್ದರು. ಅಪ್ಪ ಅದನ್ನು ಬಹಳ ಮನಸ್ಸಿಟ್ಟು ಮಾಡಿದ. ಅವ್ವನಿಗೆ ಮಾತ್ರ ಅದು ನಗೆಯ ವಿಷಯ.

"ಕೆಲಸಿಲ್ಲದ ಬಡಿಗ್ಯಾ ಮಗನ ಕುಂಡಿ ಕೆತ್ತಿದ್ನಂತ" ಎಂದು ರೊಟ್ಟಿ ಬಡಿಯುತ್ತ ಗೊಣಗುತ್ತಿದ್ದಳು. ಆ ಗಾದೆಯನ್ನು ಅವಳು ನಗುತ್ತಲೇ ಹೇಳುತ್ತಿದ್ದಳು. ನಾವೂ ನಗುತ್ತಿದ್ದೆವು, ಅಣ್ಣ ಸೂಗಣ್ಣ ಎಲ್ಲರಿಗಿಂತ ಜೋರಾಗಿ ನಗುತ್ತಿದ್ದ.

ಮನೆ ಅಂದರೆ ಒಂದು ಪಡಸಾಲೆ, ಒಂದು ಅಡುಗೆಮನೆ, ಹಿಂದೆ ಬಚ್ಚಲು, ಮೇಲೆ ಬೇಸಗೆಯಲ್ಲಿ ಮಲಗುವ ಮಾಳಿಗೆ. ನೆಲಕ್ಕೆ ಫರಸಿ ಕಲ್ಲು. ಚಳಿಗಾಲದಲ್ಲಿ ಅದರ ಮೇಲೆ ಬರಿಗಾಲಿಡಲು ಆಗುತ್ತಿರಲಿಲ್ಲ, ಬೇಸಗೆಯಲ್ಲಿ ಅದೇ ಕಲ್ಲಿಗೆ ಕೆನ್ನೆ ಹಚ್ಚಿ ಮಲಗುತ್ತಿದ್ದೆವು. ಗೋಡೆಯ ಗೂಡಿನಲ್ಲಿ ದೇವಸೂಗೂರಿನ ಸೂಗೂರೇಶ್ವರನ ಪಟ. ಆ ದೇವರಿಗೆ ಹರಕೆ ಹೊತ್ತ ಮೇಲೆ ಹುಟ್ಟಿದವನಾದ್ದರಿಂದ ಅಣ್ಣನಿಗೆ ಆ ಹೆಸರು. ನಾನು ಅವನಿಗಿಂತ ಒಂದು ವರ್ಷ ಸಣ್ಣವಳು, ನನಗೆ ಯಾವ ಹರಕೆಯೂ ಇರಲಿಲ್ಲ. ಊಟಕ್ಕೆ ಅಪ್ಪ ಮತ್ತು ಸೂಗಣ್ಣ ಒಟ್ಟಿಗೆ ಕೂರಬೇಕು, ಅದು ಮನೆಯ ಪದ್ಧತಿ. ಜೋಳದ ರೊಟ್ಟಿ, ಪುಂಡಿ ಪಲ್ಯ, ಶೇಂಗಾ ಹಿಂಡಿ, ಸೋಮವಾರಕ್ಕೊಮ್ಮೆ ಅನ್ನ ಸಾರು. ಸೂಗಣ್ಣ ಹೈಸ್ಕೂಲಿಗೆ ಸೇರಿದ ಮೇಲೆ ಒಂದು ಹೊಸ ವಿಷಯ ಗಮನಿಸಿದೆ. ಕೆಲವು ದಿನ ಅವ್ವ ಅವನ ರೊಟ್ಟಿಯ ಮೇಲೆ ಮಾತ್ರ ಬೆಣ್ಣೆಯ ದೊಡ್ಡ ಉಂಡೆ ಇಡುತ್ತಿದ್ದಳು. ನನಗೂ ಬೇಕೆಂದು ಹಟ ಹಿಡಿದರೆ "ನೀ ಏಟು ತಿಂದ ಬಾ, ನಿನಗೂ ಇಡ್ತೀನಿ" ಎನ್ನುತ್ತಿದ್ದಳು. ಹಾಗೆ, ಮರುವರ್ಷ ನಾನು ಅದೇ ಶಾಲೆಗೆ ಸೇರಿ ಕಣ್ಣಾರೆ ನೋಡುವವರೆಗೆ, ಶಾಲೆಯಲ್ಲಿ ಏನಾಯಿತೆಂಬುದು ನನಗೆ ಬೆಣ್ಣೆಯಿಂದ ತಿಳಿಯುತ್ತಿತ್ತು.

ಆ ಪದ್ಧತಿ ಶುರುವಾದದ್ದು ಸೂಗಣ್ಣ ಸೇರಿದ ಮೊದಲ ತಿಂಗಳಲ್ಲೇ. ಏಟು ತಿಂದ ಹುಡುಗನೊಬ್ಬನ ತಂದೆ ಶಾಲೆಯ ಗೇಟಿನಲ್ಲಿ ನಿಂತು ಓಣಿಗೆಲ್ಲ ಕೇಳುವಂತೆ ಕೂಗಾಡಿದ್ದ. "ಮಂದಿ ಮಕ್ಕಳಂದ್ರ ಕೈ ಎತ್ತತೀರಿ. ನಿಮ್ಮ ಮಗ ಏನು ಗುಡ್ಯಾಗಿನ ಲಿಂಗೇನು?" ಅಪ್ಪ ಅವನಿಗೆ ಉತ್ತರ ಕೊಡಲಿಲ್ಲ. ಮರುದಿನ ಪ್ರೇಯರಿನಲ್ಲಿ ಕೊಟ್ಟ. ತರಗತಿಗೆಲ್ಲ ಶಿಕ್ಷೆಯಾಗುವ ದಿನ ಸೂಗಣ್ಣ ಸಾಲಿನ ಮುಂದೆ ನಿಲ್ಲಬೇಕು, ತಪ್ಪು ಯಾರದೇ ಇರಲಿ. "ಮೊದಲನೇ ಏಟು ಮನಿ ಮಗಗ. ಆಮ್ಯಾಲ ಮಂದಿ ಮಕ್ಕಳಿಗೆ." ಇದನ್ನು ಅಪ್ಪ ನ್ಯಾಯ ಎಂದು ತಿಳಿದಿದ್ದ. ಊರ ಮಂದಿಯೂ ಹಾಗೇ ತಿಳಿದರು, ಗೇಟಿನಲ್ಲಿ ಕೂಗುವುದು ನಿಂತೇ ಹೋಯಿತು. ಹುಡುಗರು ಮಾತ್ರ ಬೇಗ ಒಂದು ಲೆಕ್ಕ ಹಾಕಿಕೊಂಡರು. ಅಪ್ಪನ ಸಿಟ್ಟಿನ ಮುಕ್ಕಾಲು ಪಾಲು ಮೊದಲನೆಯವನ ಮೇಲೇ ಖರ್ಚಾಗುತ್ತದೆ, ಹಿಂದೆ ನಿಂತವರಿಗೆ ಬರುವುದು ಉಳಿದ ಚೂರುಪಾರು. ಮೊದಮೊದಲು ಅವನಿಗೆ ಏಟು ಬೀಳಿಸಲೆಂದೇ ಕಿಟಕಿಗೆ ಕಲ್ಲೆಸೆದರು, ಕಕ್ಕಸಿನಲ್ಲಿ ಪಟಾಕಿ ಹಚ್ಚಿದರು. ಆಮೇಲೆ ಅವರಿಗೇ ಅವನ ಮೇಲೆ ಪ್ರೀತಿ ಬಂತು. ಸಿನಿಮಾಕ್ಕೆ ಗೋಡೆ ಹಾರಿದವರು ಬರುವಾಗ ಅವನಿಗೆ ಮಿರ್ಚಿ ಭಜಿ ತರುತ್ತಿದ್ದರು. ಅವನು ಅದನ್ನು ಮನೆಗೆ ತಂದು ನನಗೂ ಕೊಡುತ್ತಿದ್ದ. ಬೆಣ್ಣೆಯೂ ಸಿಕ್ಕಿತು, ಭಜಿಯೂ ಸಿಕ್ಕಿತು, ಅವನೇನು ಅಂಥ ದುಃಖದ ಹುಡುಗನಾಗಿರಲಿಲ್ಲ.

ಶಾಲೆಯ ದೊಡ್ಡ ಸಂಕಟ ಕಿಟಕಿಯ ಗಾಜಲ್ಲ, ಖಾಲಿ ಬೆಂಚು. ದಸರೆ ಮುಗಿದು ಹತ್ತಿ ಒಡೆಯಲು ಶುರುವಾದರೆ ನಸುಕಿನಲ್ಲೇ ಟಂಟಂ ಗಾಡಿಗಳು ನಮ್ಮ ಓಣಿಗೆ ಬಂದು ನಿಲ್ಲುತ್ತಿದ್ದವು. ದೇವದುರ್ಗದ ಕಡೆ, ಮಾನ್ವಿಯ ಕಡೆ ಹತ್ತಿ ಬಿಡಿಸಲು ಹೆಂಗಸರು ಹೊರಡುವರು, ಅವರ ಜೊತೆ ಮಕ್ಕಳೂ. ಎಳ್ಳಮಾಸಿ ಹಬ್ಬದ ಹೊತ್ತಿಗೆ ಅರ್ಧ ಶಾಲೆ ಹೊಲದಲ್ಲಿರುತ್ತಿತ್ತು. ತಿರುಗಿ ಬಂದವರ ಬೆರಳ ತುದಿ ಸೀಳಿರುತ್ತಿದ್ದವು, ಪೆನ್ನು ಹಿಡಿಯಲು ಆಗುತ್ತಿರಲಿಲ್ಲ. ಬರೆಯಲಿಲ್ಲವೆಂದು ಏಟು ಬೀಳುತ್ತಿತ್ತು. ಏಟು ಬಿತ್ತೆಂದು ಮತ್ತೆ ಟಂಟಂ ಹತ್ತುತ್ತಿದ್ದರು. ಕೆಲವರು ಬರುತ್ತಲೇ ಇರಲಿಲ್ಲ. ಮೇಲಿನ ಆಫೀಸಿನವರು ಹೆಡ್ ಮಾಸ್ತರರನ್ನು ಬೈಯುವರು, ಹೆಡ್ ಮಾಸ್ತರರು ಅಪ್ಪನ ಕಡೆ ನೋಡುವರು. ಸಂಜೆ ಅಪ್ಪ ಸೈಕಲ್ ಹತ್ತಿ ಶಾಲೆ ಬಿಟ್ಟ ಮಕ್ಕಳ ಮನೆಗೆ ಹೋಗುತ್ತಿದ್ದ. ಹಾಗೆ ಹೋದಾಗ ಅವನದೊಂದು ರೀತಿಯಿತ್ತು. ನಮ್ಮ ಊರಿನ ಬಿಸಿಲಿಗೆ ಯಾರ ಮನೆಗೆ ಹೋದರೂ ಮೊದಲು ಒಂದು ತಂಬಿಗೆ ನೀರು ತಂದಿಡುತ್ತಾರೆ. ಅಪ್ಪ ಹೊಸ್ತಿಲ ಹೊರಗೆ ಕೂತು ಆ ತಂಬಿಗೆಯನ್ನು ಪಕ್ಕಕ್ಕೆ ಸರಿಸುತ್ತಿದ್ದ.

"ಹುಡುಗ ನಾಳಿ ಸಾಲಿಗೆ ಬರ್ತೀನಿ ಅಂದ್ರ ಕುಡೀತೀನಿ. ಇಲ್ಲಂದ್ರ ಒಲ್ಲೆ."

ಬಾಗಿಲಿಗೆ ಬಂದ ಮಾಸ್ತರ ನೀರು ಮುಟ್ಟದೆ ಎದ್ದುಹೋದರೆ ಮನೆಗೆ ಒಳ್ಳೆಯದಲ್ಲ, ಓಣಿಯವರ ಮುಂದೆ ಇಜ್ಜತ್ತೂ ಉಳಿಯುವುದಿಲ್ಲ. ಅಪ್ಪನ ತುಟಿ ಒಣಗುತ್ತಿರುವುದನ್ನು ಮನೆಯವರೆಲ್ಲ ನಿಂತು ನೋಡುವರು. ತಾಯಿ ಮಗನ ತಲೆಗೆ ಮೊಟಕುವಳು. ಕೊನೆಗೆ ಹುಡುಗ ಬಾಗಿಲ ಹಿಂದಿನಿಂದಲೇ "ಬರ್ತೀನ್ರೀ ಸರ್, ಕುಡೀರಿ" ಎನ್ನುವನು. ಅಪ್ಪ ಗಟಗಟ ಕುಡಿದು ಏಳುವನು. ಹಾಗೆ ಎಷ್ಟೋ ಮಕ್ಕಳು ಮರಳಿ ಬಂದರು. "ಅವು ನಿಮ್ಮ ನೀರಡಿಕಿಗೆ ಹೆದರಿ ಬರ್ತಾವ, ಓದಾಕಲ್ಲ" ಎಂದು ಅವ್ವ ಹೇಳುತ್ತಿದ್ದಳು. ಇರಲಿ, ಬಂದವಲ್ಲ ಎಂಬುದು ಅಪ್ಪನ ವಾದ.

ಸೂಗಣ್ಣ ಒಂಬತ್ತನೆಯಲ್ಲಿ, ನಾನು ಎಂಟನೆಯಲ್ಲಿ ಇದ್ದಾಗ, ಯಾರೋ ಹೆಡ್ ಮಾಸ್ತರರ ಸ್ಕೂಟರಿನ ಸೀಟನ್ನು ಬ್ಲೇಡಿನಿಂದ ಹರಿದುಹಾಕಿದರು. ಒಂಬತ್ತನೆಯ ತರಗತಿಯ ಹುಡುಗರೇ ಎಂಬುದು ಗೊತ್ತಿತ್ತು. ಯಾವ ಹುಡುಗ ಎಂಬುದು ಸೂಗಣ್ಣನಿಗೆ ಗೊತ್ತಿತ್ತು, ಅವನಿಗೆ ಗೊತ್ತಿದೆ ಎಂಬುದು ಎಲ್ಲರಿಗೂ ಗೊತ್ತಿತ್ತು. ಪ್ರೇಯರು ಮುಗಿದ ಮೇಲೆ ಅಪ್ಪ ಅವನನ್ನು ಮುಂದೆ ಕರೆದ. ಅವತ್ತು ಬರೀ ಏಟಲ್ಲ, ಹೆಸರೂ ಬೇಕಿತ್ತು.

"ಯಾರಂತ ಹೇಳು."

"ಗೊತ್ತಿಲ್ರೀ ಸರ್." ಶಾಲೆಯಲ್ಲಿ ಅವನು ಅಪ್ಪನನ್ನು ಸರ್ ಎನ್ನಬೇಕಿತ್ತು.

"ನನ್ನ ಮಗ ಆಗಿ ಸುಳ್ಳ ಹೇಳ್ತಿಯೇನಲೇ?"

ಬೇರೆ ದಿನಗಳಲ್ಲಿ ಅಪ್ಪ ಮೊದಲನೆಯವನನ್ನು ಮುಗಿಸಿ ಎರಡನೆಯವನ ಬಳಿ ಹೋಗುತ್ತಿದ್ದ. ಆ ದಿನ ಮುಂದೆ ಸರಿಯಲೇ ಇಲ್ಲ. ಅಂಗೈ ಆಯಿತು, ತೋಳು ಆಯಿತು, ಬೆನ್ನು ಆಯಿತು. ಹುಡುಗರು ಮೊದಲು ನಗೆ ತಡೆದುಕೊಂಡಿದ್ದರು, ಆಮೇಲೆ ನೆಲ ನೋಡತೊಡಗಿದರು. ಹೆಡ್ ಮಾಸ್ತರರೇ ಬಂದು "ಸಾಕು ಬಿಡ್ರಿ ಮಾಸ್ತರ, ಸೀಟ ಹೋದ್ರ ಹೋತು" ಎಂದು ಕೈ ಹಿಡಿದರು. ನಾನು ಹುಡುಗಿಯರ ಸಾಲಿನಲ್ಲಿ ನಿಂತಿದ್ದೆ. ಆಗ ನನಗೇನನಿಸಿತು ಎಂದು ನನ್ನ ಗಂಡ ಮದುವೆಯಾದ ಹೊಸದರಲ್ಲಿ ಕೇಳಿದ್ದರು. ಏನೂ ಅನಿಸಲಿಲ್ಲ. ಧ್ವಜದ ಕಂಬಕ್ಕೆ ಸುತ್ತಿದ ಹಗ್ಗದ ಗಂಟನ್ನು ನೋಡುತ್ತಿದ್ದೆ, ಆ ಗಂಟು ಈಗಲೂ ಕಣ್ಣ ಮುಂದಿದೆ. ಅಣ್ಣನ ಮುಖ ಹೇಗಿತ್ತೆಂದು ನೆನಪಿಲ್ಲ. ಅಳಬೇಕಾದಲ್ಲಿ ಏನೂ ಆಗದಿರುವುದು ನನ್ನಲ್ಲಿ ಆವತ್ತು ಶುರುವಾಯಿತೋ, ಮೊದಲೇ ಇತ್ತೋ ಹೇಳಲಾರೆ. ಮಧ್ಯಾಹ್ನದ ಗಂಟೆ ಬಾರಿಸಿದಾಗ ಸೂಗಣ್ಣ ಗೋಡೆ ಹಾರಲಿಲ್ಲ, ಗೇಟಿನಿಂದಲೇ ನಡೆದು ಹೊರಗೆ ಹೋದ.

ಸಂಜೆ ಅವ್ವ ಬೆಣ್ಣೆ ತೆಗೆದಿಟ್ಟು ಕಾದಳು. ಅವನು ಬರಲಿಲ್ಲ. ಮರುದಿನ ಓಣಿಯ ಹೆಂಗಸೊಬ್ಬಳು ಸುದ್ದಿ ತಂದಳು. ಈರಮ್ಮ ಎಂಬ ಮೇಸ್ತ್ರಿಯ ಗುಂಪಿನಲ್ಲಿ ಟಂಟಂ ಹತ್ತಿ ಗಬ್ಬೂರಿನ ಕಡೆ ಹತ್ತಿ ಬಿಡಿಸಲು ಹೋಗಿದ್ದಾನೆ, ಹೊಲದ ಗುಡಿಸಲಲ್ಲೇ ಉಳಿದಿದ್ದಾನೆ ಎಂದು. "ಬರ್ತಾನ ಬಿಡು, ಎಷ್ಟು ದಿನ ಇರ್ತಾನ" ಎಂದ ಅಪ್ಪ. ಅವತ್ತೂ ಸೈಕಲ್ ಹತ್ತಿ ಬೇರೆಯವರ ಮಕ್ಕಳನ್ನು ಕರೆಯಲು ಹೋದ. ದಿನಗಳು ಹೋದವು. ಊಟಕ್ಕೆ ಅಪ್ಪ ಒಬ್ಬನೇ ಕೂರತೊಡಗಿದ. ಅವ್ವ ಜಗಳವಾಡಲಿಲ್ಲ, ಅಪ್ಪನ ಜೊತೆ ಮಾತನ್ನೇ ಬಿಟ್ಟಳು. ಏನು ಹೇಳುವುದಿದ್ದರೂ ನನಗೆ ಹೇಳುವಳು. "ಸಾರಿಗೆ ಉಪ್ಪು ಸಾಕೇನಂತ ಕೇಳು." ಅಪ್ಪ ಎದುರಿಗೇ ಕೂತಿರುವನು, ನಾನು ಕೇಳುವೆ, ಅಪ್ಪ ನನಗೆ ಉತ್ತರ ಕೊಡುವನು. ಕೊನೆಗೆ ಒಂದು ಭಾನುವಾರ ಅವ್ವ ರೊಟ್ಟಿ, ಹಿಂಡಿ, ಒಂದು ಡಬ್ಬಿಯಲ್ಲಿ ಬೆಣ್ಣೆ ಇಟ್ಟು ಬುತ್ತಿ ಕಟ್ಟಿ ನನ್ನ ಕೈಗೆ ಕೊಟ್ಟಳು.

"ಅಪ್ಪನ ಕೂಡ ಗಬ್ಬೂರಿಗೆ ಹೋಗು. ಸೂಗ್ಯಾನ್ನ ಕರಕೊಂಡೇ ಬರ್ರಿ. ಹತ್ತನೇ ಕ್ಲಾಸ್ ಆದ್ರೂ ಮುಗಿಸ್ಲಿ, ಆಮ್ಯಾಲ ಬೇಕಾದ್ದು ಮಾಡ್ಲಿ."

ಬಸ್ಸಿಳಿದು ಕರಿ ಮಣ್ಣಿನ ದಾರಿಯಲ್ಲಿ ಬಹಳ ದೂರ ನಡೆದೆವು. ಅಪ್ಪ ಶಾಲೆಗೆ ಹೋಗುವ ಬಿಳಿ ಪ್ಯಾಂಟು ಹಾಕಿದ್ದ. ಹೊಲ ಸಿಕ್ಕಿದಾಗ ಬಿಸಿಲು ನೆತ್ತಿಗೆ ಬಂದಿತ್ತು. ಹಳೆಯ ತುಂಬು ತೋಳಿನ ಅಂಗಿ ಹಾಕಿ, ಸೊಂಟಕ್ಕೆ ಸೀರೆಯ ಉಡಿ ಕಟ್ಟಿಕೊಂಡು ಹತ್ತಿ ತುಂಬುತ್ತಿದ್ದವರಲ್ಲಿ ಅರ್ಧ ಮಂದಿ ನಮ್ಮ ಶಾಲೆಯವರೇ. ಅಪ್ಪನನ್ನು ಕಂಡು ಇಬ್ಬರು ಹುಡುಗರು ಅಭ್ಯಾಸ ಬಲದಿಂದ ಓಡಿಹೋದರು. ಉಳಿದವರು ಉಡಿಯಲ್ಲಿ ಹತ್ತಿ ಇಟ್ಟುಕೊಂಡೇ "ನಮಸ್ತೇ ಸರ್" ಎಂದು ಎದ್ದು ನಿಂತರು, ನೋಡನೋಡುತ್ತ ಒಂದು ಸಾಲೇ ಆಯಿತು. ನನಗೆ ನಗು ಬಂತು. ಸೂಗಣ್ಣ ಮಾತ್ರ ಆಚೆ ಬೆನ್ನು ಮಾಡಿ ಬಿಡಿಸುತ್ತಲೇ ಇದ್ದ. ಮೇಸ್ತ್ರಿ ಈರಮ್ಮ ಸೆರಗು ಸರಿಮಾಡಿಕೊಳ್ಳುತ್ತ ಬಂದಳು.

"ಬರ್ರಿ ಸರ್, ನೆರಳಿಗೆ ಕುಂದರ್ರಿ. ನಾ ಕರದಿಲ್ರೀ ನಿಮ್ಮ ಮಗನ್ನ, ತಾನ ಬಂದಾನ. ಲೇ ಸೂಗ್ಯಾ, ಯಪ್ಪಾ, ನಿಮ್ಮಪ್ಪಗ ನೀರು ಕೊಡು."

ಅಪ್ಪ ಬೇವಿನ ಮರದ ಕೆಳಗೆ ಕೂತ. ಸೂಗಣ್ಣ ಬಂದ. ಕಪ್ಪಾಗಿದ್ದ, ಕೈ ಬೆರಳುಗಳಿಗೆ ಬಟ್ಟೆ ಸುತ್ತಿಕೊಂಡಿದ್ದ. ಕೊಡದಿಂದ ತಂಬಿಗೆ ತುಂಬಿ ಅಪ್ಪನ ಮುಂದೆ ಹಿಡಿದ. ಹೊಲದಲ್ಲಿ ಯಾರೂ ಕೈ ಆಡಿಸಲಿಲ್ಲ. ಅಪ್ಪ ನೀರು ಒಲ್ಲೆ ಎಂದು ಕೂರುವ ರೀತಿಯನ್ನು ಆ ಮಕ್ಕಳೆಲ್ಲ ತಮ್ಮ ತಮ್ಮ ಮನೆಯಲ್ಲಿ ನೋಡಿದ್ದವರು. ಸೂಗಣ್ಣನಿಗೂ ಅದು ಗೊತ್ತು. ಅವನು ಅಪ್ಪನ ಮುಖವನ್ನೇ ನೋಡುತ್ತಿದ್ದ. ನನಗೂ ಗೊತ್ತು, ಬುತ್ತಿಯ ಗಂಟು ಬಿಚ್ಚದೆ ಹಿಡಿದುಕೊಂಡಿದ್ದೆ. ಇನ್ನೇನು ತಂಬಿಗೆಯನ್ನು ಪಕ್ಕಕ್ಕೆ ಸರಿಸುತ್ತಾನೆ, ಸ್ವಲ್ಪ ಹೊತ್ತು ಎಲ್ಲರೂ ಬಿಸಿಲಲ್ಲಿ ಕಾಯುತ್ತೇವೆ, ಅಣ್ಣ ಬರ್ತೀನಿ ಎನ್ನುತ್ತಾನೆ, ಮೂವರೂ ಸಂಜೆಯ ಬಸ್ಸಿಗೆ ಹೋಗುತ್ತೇವೆ ಎಂದುಕೊಂಡಿದ್ದೆ. ಅಪ್ಪ ತಂಬಿಗೆ ಇಸಿದುಕೊಂಡ. ತುಸು ಹೊತ್ತು ಹಿಡಿದುಕೊಂಡು ಕೂತ. ಆಮೇಲೆ ತಲೆ ಎತ್ತಿ, ಬಾಯಿಗೆ ಎತ್ತರದಿಂದ ಸುರಿದುಕೊಂಡು, ಒಂದು ಹನಿ ಬಿಡದೆ ಕುಡಿದ.

ಸೂಗಣ್ಣ ಖಾಲಿ ತಂಬಿಗೆ ತೆಗೆದುಕೊಂಡು ಹೋಗಿ ಕೊಡದ ಮೇಲೆ ಬೋರಲು ಹಾಕಿದ. ಹಿಂದಿರುಗಿ ನೋಡಲಿಲ್ಲ, ತನ್ನ ಸಾಲಿಗೆ ಹೋಗಿ ಬಗ್ಗಿದ. ಉಳಿದವರೂ ಬಗ್ಗಿದರು. ಈರಮ್ಮನೇ ಬಾಯಿ ಬಿಟ್ಟು "ಕರಕೊಂಡ ಹೋಗ್ರೀ ಸರ್, ಬರ್ತಾನ" ಎಂದಳು. "ಅವನಿಗೆ ಮನಸ್ಸಿದ್ರ ಬರ್ಲೆವ್ವಾ" ಎಂದು ಅಪ್ಪ ಎದ್ದ. ನಾನು ಬುತ್ತಿಯನ್ನು ಬೇವಿನ ಬುಡದಲ್ಲಿ ಇಟ್ಟು ಅವನ ಹಿಂದೆ ನಡೆದೆ. ಬಸ್ಸಿನಲ್ಲಿ ಅಪ್ಪ ನನಗೆ ಕಿಟಕಿಯ ಪಕ್ಕ ಜಾಗ ಬಿಟ್ಟುಕೊಟ್ಟ.

ಮನೆಯಲ್ಲಿ ಅವ್ವ ಬಾಗಿಲಲ್ಲೇ ನಿಂತಿದ್ದಳು. ನಮ್ಮ ಹಿಂದೆ ಯಾರಾದರೂ ಇದ್ದಾರೆಯೇ ಎಂದು ನೋಡಿದಳು. ಆಮೇಲೆ ನನ್ನನ್ನು ಕೇಳಿದಳು.

"ಅಪ್ಪ ನೀರು ಕುಡದ್ರೇನು?"

"ಕುಡದ."

ಆಗ ಅವಳು ಬಹಳ ದಿನದ ಮೇಲೆ ನೇರವಾಗಿ ಅಪ್ಪನ ಜೊತೆ ಮಾತಾಡಿದಳು. "ಊರ ಮಂದಿ ಹೊಸ್ತಿಲದಾಗ ಗಂಟಲಾ ಒಣಗಿಸ್ಕೊಂಡು ಕುಂತ್ರಿ. ನನ್ನ ಹೊಟ್ಟ್ಯಾಗಿನ ಮಗನ ಮುಂದ ಒಂದು ತಾಸು ತಡಿಯಾಕ ಆಗ್ಲಿಲ್ಲೇನ್ರೀ ನಿಮಗ?"

"ಮಗನ ಕೈಯಾನ ನೀರು ಹೆಂಗ ಬ್ಯಾಡ ಅನ್ಲಿ?" ಅಪ್ಪ ಚಪ್ಪಲಿ ಬಿಡುತ್ತ ಹೇಳಿದ. "ನಾಳಿ ಸಾಯೋ ಹೊತ್ತಿನ್ಯಾಗ ಬಾಯಾಗ ನೀರು ಬಿಡಾವ ಅವನ ಅಲ್ಲೇನು?"

ಮಗ ಕೊಟ್ಟ ನೀರನ್ನು ತಂದೆ ಒಲ್ಲೆ ಎನ್ನುವುದು ನಮ್ಮ ಕಡೆ ಬಹಳ ಕೆಟ್ಟದ್ದು. ಕೊನೆಗಾಲದಲ್ಲಿ ಆ ಕೈಯ ನೀರು ದಕ್ಕುವುದಿಲ್ಲ ಎನ್ನುತ್ತಾರೆ. ಊರ ಮಕ್ಕಳ ಮೇಲೆ ನಡೆಯುತ್ತಿದ್ದ ಪಟ್ಟು ಮನೆಯ ಮಗನ ಮೇಲೆ ನಡೆಯುವ ಹಾಗಿರಲಿಲ್ಲ. ಬಸ್ಸು ಹತ್ತುವ ಮೊದಲು ಈ ಮಾತು ಅಪ್ಪನಿಗೂ ಹೊಳೆದಿರಲಿಲ್ಲವೇನೋ. ಅವ್ವ ಒಲೆ ಹಚ್ಚಿದಳು.

ಸೂಗಣ್ಣ ಶಾಲೆಗೆ ಬರಲಿಲ್ಲ. ಹತ್ತಿ ಮುಗಿದ ಮೇಲೆ ಮಾನ್ವಿಗೆ ಸೋದರಮಾವನ ಮನೆಗೆ ಹೋದ, ಅಲ್ಲೇ ನಿಂತ. ಈಗ ಅವನದೊಂದು ಹೊಟೇಲಿದೆ, ನೀರಮಾನ್ವಿ ಎಲ್ಲಮ್ಮನಿಗೆ ಹೋಗುವವರು ಅವನಲ್ಲಿ ಮಂಡಾಳ ಒಗ್ಗರಣಿ, ಮಿರ್ಚಿ ತಿಂದು ಮುಂದೆ ಹೋಗುತ್ತಾರೆ. ಅಪ್ಪ ತೀರಿಕೊಳ್ಳುವ ಹೊತ್ತಿಗೆ ಬಾಯಿಗೆ ನೀರು ಬಿಟ್ಟವನು ಅವನೇ. ಅಪ್ಪ ಅದನ್ನು ನುಂಗಿದ. ಹೋದ ವರ್ಷ ಅವನ ಹೊಟೇಲಿನಲ್ಲಿ ಗಿರಾಕಿಗಳಿಲ್ಲದ ಹೊತ್ತು, ಏನೋ ಮಾತಿನ ನಡುವೆ, ಕಡಾಯಿಯ ಕಡೆ ನೋಡುತ್ತಲೇ ಹೇಳಿದ.

"ಅವತ್ತ ಅಪ್ಪ ನೀರು ಒಲ್ಲೆ ಅಂದಿದ್ರ ನಾ ಬರ್ತಿದ್ದೆ ತಂಗಿ. ಬರ್ತೀನಿ ಅನ್ನಾಕ ಬಾಯಿ ಬಿಟ್ಟಿದ್ದೆ. ಕುಡದುಬಿಟ್ಟ. ಇವಗ ನಾ ಬ್ಯಾಡ ಆಗೀನಿ ಅನ್ಕೊಂಡೆ."

ಅಪ್ಪ ಯಾಕೆ ಕುಡಿದ ಎಂದು ನಾನು ಹೇಳಿದೆ. ಅವನು ಕೇಳಿಸಿಕೊಂಡ. ಜಾರಾ ಸೌಟಿನಿಂದ ಮಿರ್ಚಿಗಳನ್ನು ಎತ್ತಿ ಎಣ್ಣೆ ಸೋಸಿ ಬುಟ್ಟಿಗೆ ಹಾಕಿದ. "ಹೌದೇನು" ಎಂದ. ನಾನು ರಾಯಚೂರಿನಲ್ಲೇ ಇನ್ನೊಂದು ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಹೇಳುತ್ತೇನೆ. ಈಗ ಹೊಡೆಯುವಂತಿಲ್ಲ, ನಾವು ಹೊಡೆಯುವುದೂ ಇಲ್ಲ, ಮನೆಗೆ ಫೋನು ಮಾಡುತ್ತೇವೆ. ಫೋನು ಎತ್ತುವುದು ಹೊಲದಲ್ಲಿ, ಎತ್ತುವವರು ಒಮ್ಮೊಮ್ಮೆ ಆ ಮಕ್ಕಳೇ. ಹತ್ತಿಯ ತಿಂಗಳುಗಳಲ್ಲಿ ಬೆಂಚು ಖಾಲಿಯಾಗುತ್ತವೆ. ಹೊಸದಾಗಿ ಬಂದ ಟೀಚರುಗಳು ಅದನ್ನು ನೋಡಿ ಕಣ್ಣೀರು ಹಾಕುತ್ತಾರೆ. "ಮೇಡಂ, ನಿಮಗೆ ಬೇಜಾರೇ ಆಗೋದಿಲ್ವಾ?" ಎಂದು ಕೇಳುತ್ತಾರೆ. ನೀನು ಶಾಲೆ ಬಿಡದೆ ಓದಿದವಳು, ಗಟ್ಟಿ ಹೆಣ್ಣು ಎಂದು ನಮ್ಮ ಬಳಗದವರು ಹೊಗಳುತ್ತಾರೆ. ಗಟ್ಟಿತನವಲ್ಲ ಅದು. ಬಿಡಬಹುದು ಎಂಬುದೇ ನನಗೆ ಹೊಳೆಯಲಿಲ್ಲ.

ಗಬ್ಬೂರಿಗೆ ಹೋಗಿಬಂದ ಮರುದಿನ ಸೋಮವಾರ. ಶನಿವಾರ ಗೋಡೆ ಹಾರಿ ಸಿನಿಮಾಕ್ಕೆ ಹೋದವರ ವಿಚಾರಣೆ ಬಾಕಿ ಇತ್ತು. ಪ್ರೇಯರು ಮುಗಿದ ಮೇಲೆ ಒಂಬತ್ತನೆಯ ತರಗತಿಯ ಹುಡುಗರು ಸಾಲು ನಿಂತರು. ಯಾರೂ ಹೇಳದಿದ್ದರೂ ಮುಂದೆ ಒಬ್ಬ ನಿಲ್ಲುವಷ್ಟು ಜಾಗ ಬಿಟ್ಟೇ ನಿಂತರು. ಅಪ್ಪ ಬೆತ್ತ ಹಿಡಿದು ಬಂದು ಆ ಖಾಲಿ ಜಾಗದ ಮುಂದೆ ನಿಂತ. ರಾತ್ರಿ ನಿದ್ದೆ ಮಾಡಿರಲಿಲ್ಲ, ಕಣ್ಣು ಕೆಂಪಾಗಿದ್ದವು. ಎಲ್ಲರೂ ಕಾದರು. ಹಿಂದಿನಿಂದ ಒಬ್ಬ ಹುಡುಗ, ಕುಚೋದ್ಯಕ್ಕಲ್ಲ, ನಿಜವಾಗಿಯೂ ತಿಳಿಯದೆ ಕೇಳಿದ.

"ಸರ್, ಇವತ್ತ ಯಾರಿಂದ ಶುರು ಮಾಡ್ತೀರಿ?"

ಅಪ್ಪ ಹುಡುಗಿಯರ ಸಾಲಿನ ಕಡೆ ತಿರುಗಿದ. ಅಲ್ಲಿಯವರೆಗೆ ಆ ಶಾಲೆಯಲ್ಲಿ ಅವನು ಒಬ್ಬ ಹುಡುಗಿಗೂ ಹೊಡೆದಿರಲಿಲ್ಲ.

"ಶಾಂತಾ. ಮುಂದ ಬಾ."

ನಾನು ಹೋಗಿ ಖಾಲಿ ಜಾಗದಲ್ಲಿ ನಿಂತೆ. ಹೆದರಿಕೆಯಾಗಲಿಲ್ಲ, ಅಪ್ಪನ ಮೇಲೆ ಸಿಟ್ಟೂ ಬರಲಿಲ್ಲ. ಕೈ ಚಾಚಿದೆ. ಅಪ್ಪ ಬೆತ್ತ ಎತ್ತಿದವನು ಹಾಗೇ ಇಳಿಸಿದ. ಬಗ್ಗಿ, ಉಳಿದವರಿಗೆ ಕೇಳದ ಹಾಗೆ, ಮನೆಯಲ್ಲಿ ಮಾತಾಡುವ ದನಿಯಲ್ಲಿ ಹೇಳಿದ.

"ಎಡಗೈ ಕೊಡು ಯವ್ವಾ. ಬಲಗೈ ಬರಿಯಾಕ ಬೇಕು."

ನಾನು ಕೈ ಬದಲಿಸಿದೆ.